ಬೋರ್ಡಿನ ಮೇಲೆ ಹಾಕಿದ ಟವೆಲ್

ನಮ್ಮ ಆಫೀಸು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಕೂಗಳತೆಯ ದೂರದಲ್ಲಿ, ಒಂದು ರೇಷ್ಮೆ ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಸೀರೆ ಆರಿಸುವ ಹೆಂಗಸರನ್ನು ಕಾದು ಕಾದು ಬೇಸತ್ತ ಗಂಡಸರು ಆಗೀಗ ಮೆಟ್ಟಿಲು ಹತ್ತಿ ಬಂದು, ಕಂಪ್ಯೂಟರ್ ಮುಂದೆ ಕೂತ ನಮ್ಮನ್ನು ನೋಡಿ, "ಆಧಾರ್ ತಿದ್ದುಪಡಿ ಇಲ್ಲೇನಾ?" ಎಂದು ಕೇಳುತ್ತಾರೆ. ಅಲ್ಲ ಎಂದರೆ ನಂಬುವುದಿಲ್ಲ. ನಾವು ಮಾಡುವುದು ಸಣ್ಣ ಕ್ಲಿನಿಕ್ಕುಗಳಿಗೆ ಟೋಕನ್ ಕೊಡುವ ಸಾಫ್ಟ್‌ವೇರ್. ರೋಗಿಗಳು ಡಾಕ್ಟರ ಬಾಗಿಲಲ್ಲಿ ನೂಕಾಡದೆ, ತಮ್ಮ ನಂಬರು ಬಂದಾಗ ಒಳಗೆ ಹೋಗಲಿ ಎಂಬುದು ನಮ್ಮ ಘನ ಉದ್ದೇಶ. ಹೀಗೆ ಊರವರ ಸರತಿಯನ್ನೆಲ್ಲ ತಿದ್ದಲು ಹೊರಟಿದ್ದ ನಮ್ಮ ಆಫೀಸಿನ ಸರತಿ ಹೇಗಿತ್ತೆಂದು ಯಾರೂ ಕೇಳಿರಲಿಲ್ಲ, ಸದ್ಯ.

ತಂಡಕ್ಕೆ ನಾನು ಮುಖ್ಯಸ್ಥೆ. ಮಾಲೀಕರು ಮೈಸೂರಿನಲ್ಲಿರುತ್ತಾರೆ, ಅಂದರೆ ಫೋನಿನಲ್ಲಿರುತ್ತಾರೆ. ಒಮ್ಮೆ ಅವರು ಯಾವುದೋ ತರಬೇತಿ ಮುಗಿಸಿ ಬಂದು, "ಇವತ್ತಿಂದ ನಾವು ಎಜೈಲ್" ಎಂದು ಘೋಷಿಸಿದರು. ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮುಗಿಸುವ ಹೊಸ ಪದ್ಧತಿಯಂತೆ ಅದು. ಅದರ ಗುರುತಿಗೆ, ಉದ್ದ ಗೆರೆ ಎಳೆದು ಕಂಬಕಂಬವಾಗಿ ಭಾಗ ಮಾಡಿದ ಒಂದು ದೊಡ್ಡ ಬಿಳಿ ಬೋರ್ಡು ಬಂತು. ಎರಡು ವಾರಕ್ಕೊಂದು ಕೆಲಸದ ಕಂತು, ಅದಕ್ಕೆ ಸ್ಪ್ರಿಂಟ್ ಎಂದು ಹೆಸರು. ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಒಂದು ಮೀಟಿಂಗು. ಮಾಡಬೇಕಾದ ಒಂದೊಂದು ಕೆಲಸವನ್ನೂ ಹಳದಿ ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸಬೇಕು. ಚೀಟಿ ಎಡಗಡೆಯಿಂದ ಹೊರಟು, 'ಮಾಡುತ್ತಿರುವುದು' ಎಂಬ ಕಂಬ ದಾಟಿ, 'ಟೆಸ್ಟಿಂಗ್' ದಾಟಿ, ಬಲಗಡೆಯ 'ಮುಗಿದದ್ದು' ತಲುಪಿದರೆ ಮೋಕ್ಷ.

ಕೋಡ್ ಬರೆಯುವವರು ನಾಲ್ಕು ಜನ. ಅವರಲ್ಲಿ ದೊಡ್ಡ ಬಾಯಿಯವನು ದಿನಾ ಯಳಂದೂರಿನಿಂದ ಬೈಕಿನಲ್ಲಿ ಬರುತ್ತಾನೆ. ಕೆಲಸದಲ್ಲಿ ಚುರುಕು, ಅದನ್ನು ಹೇಳಿಕೊಳ್ಳುವುದರಲ್ಲಿ ಇನ್ನೂ ಚುರುಕು. ಈ ನಾಲ್ವರು ಬರೆದದ್ದನ್ನೆಲ್ಲ ಪರೀಕ್ಷೆ ಮಾಡಿ, ತಪ್ಪು ಹಿಡಿದು ವಾಪಸು ಕೊಡುವವಳು ಒಬ್ಬಳೇ. ಅವಳು ಹನೂರಿನ ಪಕ್ಕದ ಹಳ್ಳಿಯವಳು. ಮಾದಪ್ಪನ ಬೆಟ್ಟಕ್ಕೆ ಹೋಗುವ ಸಂಜೆ ಐದರ ಬಸ್ಸು ಹಿಡಿದು ಹನೂರಿನಲ್ಲಿ ಇಳಿದು ಊರು ಸೇರಬೇಕು. ಆ ಬಸ್ಸು ತಪ್ಪಿದರೆ ಅವಳಿಗಿಂತ ಹೆಚ್ಚು ಕಷ್ಟವಾಗುತ್ತಿದ್ದದ್ದು ಅವಳ ಹಸುವಿಗೆ.

ಆ ಹಸುವಿನ ವಿಷಯ ಹೇಳಲೇಬೇಕು. ಅದು ಅವಳ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಬಿಡುವುದಿಲ್ಲ. ಅತ್ತೆ ಬೆಲ್ಲ ತಿನ್ನಿಸಿ ನೋಡಿದ್ದಾಯಿತು. ಗಂಡ ಅವಳ ನೈಟಿ ತೊಟ್ಟುಕೊಂಡು ಹೋಗಿ ಒದೆ ತಿಂದು ಬಂದದ್ದೂ ಆಯಿತು. ಇವಳು ತಡವಾಗಿ ಹೋದರೆ ಊರಿನ ಡೈರಿ ಮುಚ್ಚಿರುತ್ತದೆ, ಹಸು ಕೆಚ್ಚಲು ಬಿಗಿದುಕೊಂಡು ಅರಚುತ್ತಿರುತ್ತದೆ. ಒಂದು ಸಲ ಬಾವು ಬಂದು ದನದ ಡಾಕ್ಟರು ಬರಬೇಕಾಯಿತು. ನಮ್ಮ ಬೆಳಗಿನ ಮೀಟಿಂಗಿನಲ್ಲಿ ಗ್ರಾಹಕರ ಬಗ್ಗೆ ಎಷ್ಟು ಚರ್ಚೆಯಾಗುತ್ತಿತ್ತೋ ಈ ಹಸುವಿನ ಬಗ್ಗೆಯೂ ಅಷ್ಟೇ ಆಗುತ್ತಿತ್ತು.

ಇಷ್ಟಾದರೂ ಬಸ್ಸು ತಪ್ಪುತ್ತಿತ್ತು. ಕಂತು ಶುರುವಾದ ಮೊದಲ ವಾರವಿಡೀ ಅವಳಿಗೆ ಕೆಲಸವೇ ಇರುತ್ತಿರಲಿಲ್ಲ, ಸುಮ್ಮನೆ ಹಳೆಯದನ್ನೇ ಒತ್ತಿ ಒತ್ತಿ ನೋಡುತ್ತ ಕೂತಿರುತ್ತಿದ್ದಳು. ಆ ವಾರವೆಲ್ಲ ನಮ್ಮ ನಾಲ್ವರು ವೀರರು ಬೋರ್ಡಿನ ಎಡಗಡೆಯಿಂದ ಕೈಗೆ ಸಿಕ್ಕಷ್ಟು ಚೀಟಿ ಕಿತ್ತು, ತಮ್ಮ ಹೆಸರು ಬರೆದು 'ಮಾಡುತ್ತಿರುವುದು' ಕಂಬಕ್ಕೆ ಅಂಟಿಸಿಕೊಳ್ಳುತ್ತಿದ್ದರು. ಸುಲಭದ ಚೀಟಿ ಬೇರೆಯವನಿಗೆ ಹೋಗಿಬಿಡುತ್ತದೆ ಎಂಬ ಭಯ ಎಲ್ಲರಿಗೂ. ಯಾರಾದರೂ ಕೈ ಚಾಚಿದರೆ ಯಳಂದೂರಿನವನು ಕೂತಲ್ಲಿಂದಲೇ ಕೂಗುತ್ತಿದ್ದ, "ಲೇ, ಅದು ನಂದು ಕಣ್ಲಾ, ಮುಟ್ಬ್ಯಾಡ!"

ಎಲ್ಲವೂ ಶುರುವಾಗಿರುತ್ತಿತ್ತು, ಯಾವುದೂ ಮುಗಿದಿರುತ್ತಿರಲಿಲ್ಲ. ಕೊನೆಗೆ, ಗ್ರಾಹಕರಿಗೆ ತೋರಿಸಬೇಕಾದ ಶುಕ್ರವಾರ ಇನ್ನೇನು ಬಂತು ಎನ್ನುವಾಗ, ಕೋಡೆಲ್ಲ ಒಟ್ಟಿಗೆ ಅವಳ ಮೇಲೆ ಬೀಳುತ್ತಿತ್ತು. ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಅವಳು ಬ್ಯಾಗು ಎತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಒಬ್ಬ ಬಂದು ನಿಲ್ಲುತ್ತಿದ್ದ. "ಅಕ್ಕೋ, ಇದೊಂದ್ ನೋಡ್ಬುಡಿ, ಎರಡೇ ನಿಮ್ಸ."

ಒಂದು ಗುರುವಾರ ಸಂಜೆ ಹಾಗೆಯೇ ಬಸ್ಸು ಹೋಯಿತು. ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಕಂಪ್ಯೂಟರ್ ಆರಿಸಿ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಅಕ್ಕ, ಮುಂದ್ಲ ಕಂತ್ನಲ್ಲೂ ಇಂಗೇ ಬಸ್ ತಪ್ಪುದ್ರ ನಾ ಕೆಲ್ಸ ಬುಟ್ಬುಡ್ತೀನಿ ಕಣಿ. ಹಸ ಮಾರ್ಬುಡು ಅಂತ ಮಾತ್ರ ಏಳ್ಬ್ಯಾಡಿ."

ನಾನು ಹಾಗೆ ಹೇಳುವವಳಿದ್ದೆ ಎಂದು ಅವಳಿಗೆ ಹೇಗೆ ಗೊತ್ತಾಯಿತೋ! ನನಗೆ ಸಂಕಟವಾಯಿತು. ಅವಳು ಹೋದರೆ ಬೇರೆ ಟೆಸ್ಟರ್ ಸಿಕ್ಕಾರು. ಆದರೆ ಹಳ್ಳಿಯಿಂದ ಬಂದು, ಓದಿದ್ದಕ್ಕೆ ತಕ್ಕ ಕೆಲಸವನ್ನು ಬಸ್ಸಿನ ದೂರದಲ್ಲೇ ಕಂಡುಕೊಂಡವಳು ಅವಳು. ಬಿಟ್ಟರೆ ಆ ಕಡೆ ಅವಳಿಗೆ ಇನ್ನೊಂದು ಸಿಗುವಂತಿರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಮುಂದಿನ ಬಸ್ಸಿಗೆ ಹತ್ತಿಸಿ ಬರೋಣವೆಂದು ಅವಳ ಜೊತೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಬೆಟ್ಟದ ಬಸ್ಸು ಇನ್ನೂ ತಿರುಗಿ ನಿಲ್ಲುವುದರೊಳಗೆ ಜನ ಅದರ ಜೊತೆಯಲ್ಲೇ ಓಡತೊಡಗಿದರು. "ಲೇ, ಟವೆಲ್ ಆಕ್ಲಾ, ಟವೆಲ್ ಆಕು!" ಎಂದು ಒಬ್ಬ ಕೂಗಿದ. ಕಿಟಕಿಗಳಿಂದ ಟವೆಲ್ಲು, ಬ್ಯಾಗು, ಒಂದು ಟೋಪಿ, ಒಂದು ಕಟ್ಟು ಸೊಪ್ಪು ಎಲ್ಲ ಒಳಗೆ ಹೋದವು. ಇದು ನಾನು ಹುಟ್ಟಿದಾಗಿನಿಂದ ನೋಡಿದ ದೃಶ್ಯವೇ. ನಮ್ಮ ಕಡೆ ಟವೆಲ್ ಬಿದ್ದ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಟವೆಲ್ಲಿನ ಯಜಮಾನ ಆಚೆ ಬೀಡಿ ಸೇದುತ್ತ ನಿಂತಿದ್ದರೂ ಆ ಸೀಟು ಅವನದೇ.

ಅವಳು ಒಳಗೆ ಹೋಗಿ, ಖಾಲಿ ಸೀಟೊಂದರ ಪಕ್ಕದಲ್ಲಿ ಕಂಬಿ ಹಿಡಿದು ನಿಂತಳು. ಸೀಟಿನ ಮೇಲೆ ಕೆಂಪು ಅಂಚಿನ ಟವೆಲ್ಲೊಂದು ಆರಾಮವಾಗಿ ಮಲಗಿತ್ತು. ಹಿಂದಿನ ಸೀಟಿನವನು ಒಬ್ಬನೇ ಮೂರು ಜನರ ಜಾಗಕ್ಕೆ ಸಾಮಾನು ಹರಡಿಕೊಂಡು, "ಬತ್ತಾವ್ರೆ ಕಣ್ರಿ, ಬತ್ತಾವ್ರೆ" ಎನ್ನುತ್ತಿದ್ದ. ಕಂಡಕ್ಟರು ರೇಗಿದ. "ಜನ ಎಲ್ರೀ? ಟವೆಲ್ಗೆ ಟಿಕೆಟ್ ಅರೀಲಾ?"

ಬಸ್ಸು ಹೊರಡುವ ಹೊತ್ತಾದರೂ ಅರ್ಧ ಸೀಟುಗಳಲ್ಲಿ ಬಟ್ಟೆಗಳು ಕೂತಿದ್ದವು, ಮನುಷ್ಯರು ನಿಂತಿದ್ದರು. ನಾನು ಅಲ್ಲೇ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ. ಕಡಲೆಕಾಯಿ ಮಾರುವಾಕೆ ನನ್ನನ್ನು ಒಂದು ಥರ ನೋಡಿದಳು. ನಮ್ಮ ಬೋರ್ಡಿನ ಮೇಲೆ ಆಗುತ್ತಿದ್ದದ್ದು ಇದೇ ಅಲ್ಲವೇ? ನಮ್ಮ ನಾಲ್ವರು ಕೆಲಸ ಶುರು ಮಾಡುತ್ತಿರಲಿಲ್ಲ, ಚೀಟಿಗಳ ಮೇಲೆ ಟವೆಲ್ ಹಾಕುತ್ತಿದ್ದರು. ಎಜೈಲನ್ನು ಎಲ್ಲಿಂದ ತಂದರೂ ಅಷ್ಟೇ, ಕೊಳ್ಳೇಗಾಲದವರ ಕೈಗೆ ಕೊಟ್ಟರೆ ಮೊದಲು ಸೀಟು ಹಿಡಿಯುತ್ತಾರೆ.

ಕಾಲೇಜಿನಲ್ಲಿ ಸರತಿ ಸಿದ್ಧಾಂತ ಎಂಬ ಪಾಠ ನನಗಿತ್ತು. ಪಾಸಾಗಲು ಓದಿ, ಪಾಸಾದ ಮೇಲೆ ಮರೆತಿದ್ದೆ. ಅದರ ಎರಡು ಮಾತು ಆ ಸಂಜೆ ಮನೆಗೆ ನಡೆಯುವಾಗ ತಾವಾಗಿ ನೆನಪಿಗೆ ಬಂದವು. ಒಂದು, ಒಳಗೆ ಎಷ್ಟು ಕೆಲಸ ತುಂಬಿಕೊಂಡಿರುತ್ತದೋ ಅಷ್ಟು ನಿಧಾನವಾಗಿ ಪ್ರತಿಯೊಂದೂ ಹೊರಗೆ ಬರುತ್ತದೆ. ಬೇಗ ಮುಗಿಯಬೇಕೆಂದರೆ ಶುರು ಮಾಡುವುದನ್ನು ಕಡಿಮೆ ಮಾಡಬೇಕು. ಇನ್ನೊಂದು, ಎಲ್ಲರನ್ನೂ ಒಂದು ಕ್ಷಣ ಬಿಡುವಿಲ್ಲದಂತೆ ದುಡಿಸಲು ಹೋದರೆ ಕಾಯುವವರ ಸಾಲು ಬೆಳೆಯುತ್ತಲೇ ಹೋಗುತ್ತದೆ. ಯಾರಾದರೂ ಸ್ವಲ್ಪ ಹೊತ್ತು ಕೈ ಖಾಲಿ ಇಟ್ಟುಕೊಂಡಿದ್ದರೇನೇ ಸಾಲು ಕರಗುವುದು. ಪರೀಕ್ಷೆಯಲ್ಲಿ ಇದನ್ನು ಗ್ರೀಕ್ ಅಕ್ಷರಗಳ ಸೂತ್ರವಾಗಿ ಬರೆದಿದ್ದೆ. ಬೆಟ್ಟದ ಬಸ್ಸಿನಲ್ಲಿ ಕಲಿಸಿದ್ದರೆ ಇನ್ನೂ ಒಳ್ಳೆಯ ಮಾರ್ಕ್ಸ್ ಬರುತ್ತಿತ್ತು.

ಹೊಸ ಕಂತು ಶುರುವಾಗುವ ಸೋಮವಾರ ಬೆಳಿಗ್ಗೆ ಅಂಗಡಿ ಬೀದಿಯಲ್ಲಿ ನಾಲ್ಕು ಬಣ್ಣದ ನಾಲ್ಕು ಟವೆಲ್ ಕೊಂಡು ಆಫೀಸಿಗೆ ಹೋದೆ. ಕೋಡ್ ಬರೆಯುವ ಒಬ್ಬೊಬ್ಬರಿಗೂ ಒಂದೊಂದು ಕೊಟ್ಟು ನಿಯಮ ಹೇಳಿದೆ. ಚೀಟಿ ತೆಗೆದುಕೊಳ್ಳಬೇಕಾದರೆ ಬೋರ್ಡಿನ ಆ ಜಾಗದಲ್ಲಿ ನಿಮ್ಮ ಟವೆಲ್ ನೇತುಹಾಕಿ. ಅದು ಪರೀಕ್ಷೆ ಮುಗಿದು 'ಮುಗಿದದ್ದು' ಕಂಬಕ್ಕೆ ಹೋಗುವವರೆಗೂ ಟವೆಲ್ ತೆಗೆಯುವಂತಿಲ್ಲ, ಟವೆಲ್ ಇಲ್ಲದೆ ಇನ್ನೊಂದು ಚೀಟಿ ಮುಟ್ಟುವಂತಿಲ್ಲ. ಟೆಸ್ಟಿಂಗಿನಲ್ಲಿ ಸಾಲು ಬೆಳೆದರೆ, ಹೋಗಿ ಅವಳ ಪಕ್ಕದಲ್ಲಿ ಕೂತು ಟೆಸ್ಟ್ ಮಾಡಿ. ಅದೂ ಇಲ್ಲವಾದರೆ ಸುಮ್ಮನೆ ಕೂತಿರಿ.

"ಸುಮ್ಗ ಕೂತ್ಕಳದಾ?" ಯಳಂದೂರಿನವನು ಬೆಚ್ಚಿಬಿದ್ದ. "ಸುಮ್ಗ ಕೂತ್ಕಂಡ್ರ ಸಂಬ್ಳ ಕೊಟ್ಟಾರ ಮೇಡಂ? ನಮ್ಮಪ್ಪ ಕೇಳುದ್ರ ಉಗೀತಾರೆ."

"ನಿಮ್ಮಪ್ಪನಿಗೆ ನಾನು ಹೇಳ್ತೀನಿ, ಕೂತ್ಕೊ" ಎಂದೆ.

ಕೂರುವುದು ಅಷ್ಟು ಸುಲಭವಲ್ಲ. ಮೊದಲ ದಿನಗಳಲ್ಲಿ ಆ ನಾಲ್ವರು ಪಟ್ಟ ಪಾಡು ನೋಡಬೇಕಿತ್ತು. ಒಬ್ಬ ಕೀಬೋರ್ಡು ತಲೆಕೆಳಗು ಮಾಡಿ ಧೂಳು ಕೊಡವಿದ. ಇನ್ನೊಬ್ಬ ಫ್ಯಾನು ಒರೆಸಿದ. ಯಳಂದೂರಿನವನು ಚೀಟಿಯೊಂದನ್ನು ಗುಟ್ಟಾಗಿ ಕಿತ್ತು ತನ್ನ ಮೇಜಿನ ಕೆಳಗೆ ಅಂಟಿಸಿಕೊಂಡು ಸಿಕ್ಕಿಬಿದ್ದ. ಅದೇ ಹೊತ್ತಿಗೆ ಮೈಸೂರಿನಿಂದ ಮಾಲೀಕರ ವಿಡಿಯೋ ಕಾಲ್ ಬಂತು. ಅವರಿಗೆ ಮೊದಲು ಕಂಡದ್ದು ಬೋರ್ಡಿನ ಮೇಲೆ ಒಣಗಲು ಹಾಕಿದಂತಿದ್ದ ಟವೆಲ್ಲುಗಳು, ಅದರ ಪಕ್ಕದಲ್ಲಿ ಆಕಳಿಸುತ್ತಿದ್ದ ಒಬ್ಬ ನೌಕರ. "ಏನಮ್ಮಾ, ಲಾಡ್ಜು ಇಟ್ಟಿದ್ದೀರಾ?" ಎಂದರು. ಈ ಕಂತು ಮುಗಿಯುವ ತನಕ ತಾಳಿ, ಶುಕ್ರವಾರ ಕೆಲಸ ಮುಗಿಯದಿದ್ದರೆ ಟವೆಲ್ ನಾನೇ ಒಗೆದು ಕೊಡುತ್ತೇನೆ ಎಂದೆ.

ಟವೆಲ್ ಬಿಡಿಸಿಕೊಳ್ಳಲು ದಾರಿ ಒಂದೇ, ಅವಳ ಪಕ್ಕದಲ್ಲಿ ಕೂರುವುದು. ಯಳಂದೂರಿನವನು ಕೂತ. ಅವನು ಟೆಸ್ಟ್ ಮಾಡುವುದೆಂದರೆ ಆಶೀರ್ವಾದ ಮಾಡಿದ ಹಾಗೆ. ರೋಗಿಯ ಸರಿಯಾದ ಹೆಸರು, ಸರಿಯಾದ ವಯಸ್ಸು, ಸರಿಯಾದ ಫೋನ್ ನಂಬರು ಹಾಕಿ, "ನೋಡಿ, ಎಷ್ಟು ಚೆಂದಾಗ್ ಓಯ್ತಾ ಅದ" ಎನ್ನುತ್ತಿದ್ದ. ಅವಳು ಹೆಸರಿನ ಜಾಗ ಖಾಲಿ ಬಿಟ್ಟು, ಟೋಕನ್ ಗುಂಡಿಯನ್ನು ಪಟಪಟನೆ ಒತ್ತಿದರೆ ಒಬ್ಬನೇ ರೋಗಿ ಹತ್ತಾರು ಟೋಕನ್ ಹಿಡಿದು ನಿಲ್ಲುತ್ತಿದ್ದ. "ಇಂಗ್ ಯಾರ್ ಒತ್ತಾರಕ್ಕ?" ಎಂದು ಅವನಿಗೆ ಸಿಟ್ಟು. "ಕ್ಲಿನಿಕ್ಗ ಬಂದ್ ನೋಡಣ್ಣ, ಎಲ್ರೂ ಇಂಗೇ ಒತ್ತೋದು" ಎಂದು ಇವಳು ನಗುತ್ತಿದ್ದಳು. ಬೈದುಕೊಂಡೇ ಇಬ್ಬರೂ ಚೀಟಿಗಳನ್ನು ದಾಟಿಸಿದರು. ಮೊದಲ ವಾರ ಮುಗಿಯುವ ಮುಂಚೆಯೇ 'ಮುಗಿದದ್ದು' ಕಂಬದಲ್ಲಿ ಹಳದಿ ಕಂಡಿತು. ಆ ಕಂಬಕ್ಕೂ ಅಂಟು ಹಿಡಿಯುತ್ತದೆ ಎಂದು ನಮಗೆ ಗೊತ್ತಾದದ್ದೇ ಆಗ.

ಕೊನೆಯ ಶುಕ್ರವಾರ ಬಂತು, ಜೊತೆಗೆ ಅಮಾವಾಸ್ಯೆಯೂ ಬಂತು. ಅಮಾವಾಸ್ಯೆಯೆಂದರೆ ಮಾದಪ್ಪನ ಬೆಟ್ಟಕ್ಕೆ ಇಡೀ ಸೀಮೆಯೇ ಹೊರಡುತ್ತದೆ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲಂತೂ ಹನೂರಿನ ಕಡೆಯ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ನಾನು ಇದನ್ನು ಲೆಕ್ಕಕ್ಕೇ ತಂದುಕೊಂಡಿರಲಿಲ್ಲ. ಮಧ್ಯಾಹ್ನ ಗ್ರಾಹಕರಿಗೆ ತೋರಿಸಿದ್ದಾಯಿತು, ಅವರು ಒಪ್ಪಿದ್ದೂ ಆಯಿತು. ಅವಳ ಮೇಜಿನ ಮೇಲೆ ಯಾರ ಕೆಲಸವೂ ಉಳಿದಿರಲಿಲ್ಲ. ಕಾಫಿ ಕುಡಿಯುತ್ತ ಕಿಟಕಿಯಿಂದ ಬಸ್ ಸ್ಟ್ಯಾಂಡ್ ಕಡೆ ನೋಡಿದೆ. ಜನಸಾಗರ! ಕಾಫಿ ಲೋಟವನ್ನು ಕಿಟಕಿಯಲ್ಲೇ ಇಟ್ಟೆ. ಆಫೀಸಿನ ಸರತಿಯನ್ನು ಸರಿಮಾಡಿ ಅವಳನ್ನು ಹೊತ್ತಿಗೆ ಸರಿಯಾಗಿ ಕಳಿಸಿಯೇನು, ಆ ಬಸ್ಸಿನ ಬಾಗಿಲಲ್ಲಿ ನನ್ನ ಯಾವ ಸಿದ್ಧಾಂತ ನಡೆಯುತ್ತದೆ? ಇವತ್ತೂ ತಪ್ಪಿದರೆ ಅವಳು ಹೇಳಿದ್ದನ್ನು ಮಾಡುವವಳೇ.

ಅವಳೂ ಕಿಟಕಿಯಿಂದ ನೋಡಿದಳು. ಬ್ಯಾಗು ಎತ್ತಿಕೊಂಡಳು. ನಾನೂ ಜೊತೆಗೆ ಇಳಿದೆ.

ನಾವು ಹೋಗುವಷ್ಟರಲ್ಲಿ ಬಸ್ಸು ಬಂದು ತುಂಬಿ, ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಆ ಗದ್ದಲದ ನಡುವೆ ಕಿಟಕಿಯೊಂದರ ಕೆಳಗೆ ಪರಿಚಯದ ದನಿ ಕೇಳಿಸಿತು. "ಬತ್ತಾವ್ರೆ ಕಣ್ರಿ, ಬತ್ತಾವ್ರೆ! ಅಗಾ, ಬಂದ್ರು!" ಯಳಂದೂರಿನವನು ಬೆವರು ಸುರಿಸುತ್ತ, ಕಿಟಕಿಯ ಸರಳು ಹಿಡಿದು ನಿಂತಿದ್ದ. ಒಳಗೆ ಸೀಟಿನ ಮೇಲೆ, ನಾನು ಕೊಟ್ಟಿದ್ದ ಅವನ ಹಸಿರು ಟವೆಲ್. "ಅಕ್ಕ, ಅತ್ತಿ, ಅತ್ತಿ, ಹಸ ಕಾಯ್ತಾ ಅದ!" ಎಂದು ಅವಳಿಗೆ ಕೂಗಿದ. ಟವೆಲ್ಲಿನ ಯಜಮಾನಿ ಬಂದಳೆಂದು ಬಾಗಿಲಲ್ಲಿದ್ದವರು ಗೊಣಗುತ್ತಲೇ ದಾರಿ ಬಿಟ್ಟರು. ಅವಳು ಕೂತಳು. ಬಸ್ಸು ಹನೂರಿನ ದಾರಿ ಹಿಡಿಯಿತು. ನನಗೆ ಕಣ್ಣು ತುಂಬಿಬಂತು. ಅದು ಅವನಿಗೆ ಕಾಣದಿರಲಿ ಎಂದು, "ಬೈಕ್ ಎಲ್ಲಿ ನಿಲ್ಲಿಸಿದ್ದೀಯೋ, ಪೊಲೀಸಿನವರು ಎತ್ತಿಕೊಂಡು ಹೋಗ್ತಾರೆ" ಎಂದು ಗದರಿದೆ.

ಸೋಮವಾರ ಮತ್ತೆ ಹೊಸ ಕಂತು. ಹೊಸ ಚೀಟಿಗಳು ಬೋರ್ಡಿಗೆ ಬಂದಿದ್ದವು. ಉಳಿದ ಮೂವರು ಟವೆಲ್ ಹಾಕಿ ಕೆಲಸ ಹಿಡಿದರು. ಯಳಂದೂರಿನವನು ಮಾತ್ರ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ನಿಂದೇನೋ?" ಎಂದೆ.

"ನನ್ ಟವೆಲ್ ಹನೂರ್ಗ ಓಗ್ಬುಟ್ಟದ ಮೇಡಂ. ರೂಲ್ಸ್ ರೂಲ್ಸೇ. ಸುಮ್ಗ ಕೂತಿವ್ನಿ."

ಅಷ್ಟರಲ್ಲಿ ಅವಳು ಬಂದಳು. ಒಗೆದು ಮಡಿಸಿದ ಟವೆಲ್ಲನ್ನು ಅವನ ಮೇಜಿನ ಮೇಲಿಟ್ಟಳು. ಬಿಡಿಸಿ ನೋಡಿದರೆ ಒಂದು ಮೂಲೆಯೇ ಇರಲಿಲ್ಲ. "ಒಣಾಕಿದ್ದೆ ಅಣ್ಣ, ಹಸ ಅಗದ್ಬುಡ್ತು" ಎಂದು ಸಂಕೋಚಪಟ್ಟಳು. ಅವನು ಅದನ್ನು ಹಾಗೇ ತೆಗೆದುಕೊಂಡು ಹೋಗಿ, ಮೂಲೆ ಹೋದ ಭಾಗ ಎಲ್ಲರಿಗೂ ಕಾಣುವಂತೆ ಬೋರ್ಡಿಗೆ ನೇತುಹಾಕಿದ. ಬೇರೆಯದು ಕೊಡಿಸುತ್ತೇನೆಂದರೆ ಇಂದಿಗೂ ಬೇಡವೆನ್ನುತ್ತಾನೆ.

ಕೆಲಸ ಬಿಡುವ ಮಾತು ಏನಾಯಿತೆಂದು ಅವಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೂ ಆ ಮಾತು ಎತ್ತಲಿಲ್ಲ. ಬೋರ್ಡಿನ ಮುಂದೆ ನಿಂತು, ನಾಲ್ಕು ಟವೆಲ್ಲುಗಳನ್ನೂ ನೋಡಿ, ನನ್ನ ಕಡೆ ತಿರುಗಿದಳು.

"ಅಕ್ಕ, ನಂಗೂ ಒಂದ್ ಟವೆಲ್ ತಕ್ಕೊಡಿ."

ನಾನು ಆಗಲೇ ಅಂಗಡಿ ಬೀದಿಗೆಂದು ಮೆಟ್ಟಿಲು ಇಳಿಯುತ್ತಿದ್ದೆ.