ಮುದ್ದೆಯ ಮಂಡಿ

ಕೆಂಗೇರಿ ಉಪನಗರದಲ್ಲಿ ಕುಸುಮಾ ಹೊಲಿಗೆಗೆ ಎಷ್ಟು ಹೆಸರುವಾಸಿಯೋ ಎದುರುತ್ತರಕ್ಕೂ ಅಷ್ಟೇ. ಮದುವೆಯಾದ ಹೊಸದರಲ್ಲಿ, ಹೊಲಿಯುವುದಿದ್ದರೆ ಮನೆಯೊಳಗೆ ಕೂತು ಹೊಲಿ, ಅಂಗಡಿ ಗಿಂಗಡಿ ಬೇಡ ಎಂದು ಗಂಡನ ಕಡೆಯವರು ಹೇಳಿದ್ದರು. ಅವಳು ಮುಂದಿನ ಕೋಣೆಯ ಗೋಡೆ ಒಡೆಸಿ, ಷಟರ್ ಹಾಕಿಸಿ, ತನ್ನ ಹೆಸರಿನ ಬೋರ್ಡನ್ನೇ ತೂಗುಹಾಕಿದಳು. ಬೇಡವೆಂದವರಲ್ಲಿ ಮೊದಲಿಗ ಭಾವ ಸೇತುರಾಮ. ಅವನ ಹೆಂಡತಿಯ ರವಿಕೆಗಳೂ ಈಗ ಹೊಲಿಗೆಗೆ ಬರುವುದು ಅಲ್ಲಿಗೇ.

ಸೇತುರಾಮನದು ಹಳೇ ಕೆಂಗೇರಿ. ಹೊಲ ಲೇಔಟಾದ ಮೇಲೆ ಬಾಡಿಗೆ ಮನೆಗಳನ್ನು ಕಟ್ಟಿಸಿ, ಟೆರೇಸಿನ ಮೇಲೆ ಪಾಮರೇನಿಯನ್ ನಾಯಿಗಳನ್ನು ಸಾಕಿ ಮರಿ ಮಾರುತ್ತಿದ್ದ. ಒಂದು ಹೆಣ್ಣುಮರಿಯನ್ನು ತಮ್ಮ ಮಂಜುನಾಥನ ಮನೆಗೂ ಕೊಟ್ಟ. ಕೊಡುವಾಗಲೇ, ಇದು ದೊಡ್ಡದಾಗಿ ಹಾಕುವ ಮರಿಗಳೆಲ್ಲ ತನಗೆ ಎಂದಿದ್ದ. ಕಂದು ಬಣ್ಣದ, ಗುಂಡುಗುಂಡಾದ ಮರಿ. ಕುಸುಮಾ ಅದನ್ನು ಮುದ್ದೆ ಎಂದು ಕರೆದಳು. ಗಂಡ ಮಂಜುನಾಥ ಮುಖ ಕಿವುಚಿದರೂ ಹೆಸರು ಅದೇ ನಿಂತಿತು.

ವರ್ಷ ತುಂಬುವ ಹೊತ್ತಿಗೆ ಮುದ್ದೆ ಓಡುತ್ತ ಓಡುತ್ತ ಹಿಂದಿನ ಎಡಗಾಲನ್ನು ಎತ್ತಿಕೊಂಡು, ಕುಂಟೆಬಿಲ್ಲೆ ಆಡುವವರಂತೆ ನಾಲ್ಕಾರು ಸಲ ಕುಪ್ಪಳಿಸಿ, ಕಾಲನ್ನೊಮ್ಮೆ ಹಿಂದಕ್ಕೆ ಜಾಡಿಸಿ ಮತ್ತೆ ಮಾಮೂಲಿನಂತೆ ಓಡತೊಡಗಿತು. ಗಿರಾಕಿಗಳು ನಗುತ್ತಿದ್ದರು. ಮೊದಮೊದಲು ಕುಸುಮಾ ಕೂಡ ನಕ್ಕಳು. ಬರುಬರುತ್ತ ಆ ಕಾಲು ನೆಲ ಮುಟ್ಟುವುದೇ ಅಪರೂಪವಾಯಿತು.

“ಏನಿಲ್ಲ ಕಣಮ್ಮ, ಒಂದ್ಸಲ ಮರಿ ಹಾಕಿದ್ರೆ ಎಲ್ಲಾ ಸರಿಹೋಗುತ್ತೆ. ಗಂಡು ರೆಡಿ ಇದೆ, ಭಾನುವಾರ ಕಳಿಸ್ಕೊಡು” ಎಂದ ಸೇತುರಾಮ.

ಕುಸುಮಾ ಭಾನುವಾರದವರೆಗೆ ಕಾಯಲಿಲ್ಲ. ಷಟರ್ ಎಳೆದು, ಮುದ್ದೆಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಪಶುವೈದ್ಯೆ ಶರಣ್ಯಾಳ ಬಳಿ ಹೋದಳು.

ಶರಣ್ಯಾ ಮಂಡಿಯನ್ನು ಎರಡು ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಒತ್ತಿ, “ನೀವೇ ಮುಟ್ಟಿ ನೋಡಿ” ಎಂದಳು. ಚರ್ಮದಡಿ ಕಡಲೆಬೀಜದಂಥದ್ದೊಂದು ಜಾಗಕ್ಕೆ ಸರಿದು ಕೂತದ್ದು ಕುಸುಮಾಳ ಬೆರಳಿಗೆ ತಿಳಿಯಿತು. ಕೈ ತೆಗೆದದ್ದೇ ತಡ, ಅದು ಮತ್ತೆ ಕಾಲಿನ ಒಳಬದಿಗೆ ಜಾರಿತು.

“ಅದೇ ಮಂಡಿಚಿಪ್ಪು. ತೊಡೆಮೂಳೆ ತುದೀಲಿ ಒಂದು ತೋಡು ಇರುತ್ತೆ, ಚಿಪ್ಪು ಅದರೊಳಗೇ ಓಡಾಡ್ಬೇಕು. ಇವಳಿಗೆ ತೋಡು ಆಳ ಇಲ್ಲ. ಸ್ವಲ್ಪ ಜಾರೋದಾಗಿದ್ರೆ ತೂಕ ಇಳಿಸಿ, ಔಷಧಿ ಕೊಟ್ಟು ನೋಡ್ಬಹುದಿತ್ತು. ಇದು ಪಕ್ಕದಲ್ಲೇ ಮನೆ ಮಾಡ್ಕೊಂಡಿದೆ. ಆಪರೇಷನ್ ಮಾಡಿ ತೋಡು ಆಳ ಮಾಡ್ತೀವಿ, ಚಿಪ್ಪನ್ನ ಎಳೆಯೋ ಪಟ್ಟಿ ಅಂಟಿರೋ ಮೂಳೇನ ನೇರಕ್ಕೆ ಸರಿಸಿ ಪಿನ್ ಹಾಕ್ತೀವಿ.”

“ಎಲ್ಲಾದ್ರೂ ಬಿದ್ದಿದ್ದಕ್ಕೆ ಹೀಗಾಯ್ತಾ ಡಾಕ್ಟ್ರೇ?”

“ಬಿದ್ದೂ ಆಗ್ಬಹುದು. ಆದ್ರೆ ಇವಳ ಬಲಗಾಲಿನ ಚಿಪ್ಪೂ ಸಡಿಲ ಇದೆ. ಇದು ಅಪ್ಪ ಅಮ್ಮನ ಕಡೆಯಿಂದ ಬಂದಿರೋ ಹಾಗಿದೆ. ಇವಳಿಗೆ ಮಾತ್ರ ಮರಿ ಮಾಡಿಸಬೇಡಿ.”

ಸೇತುರಾಮನ ಟೆರೇಸಿನಲ್ಲಿ ಮುದ್ದೆಯ ತಾಯಿ ಯಾವಾಗಲೂ ಗೋಡೆಗೊರಗಿ ಕೂತಿರುತ್ತಿದ್ದುದು ಕುಸುಮಾಳಿಗೆ ನೆನಪಾಯಿತು. ಸೋಮಾರಿ ನಾಯಿ ಎಂದುಕೊಂಡಿದ್ದಳು. ಮನೆಗೆ ಬಂದವಳೇ ಗಂಡನಿಗೆ ಎಲ್ಲವನ್ನೂ ಹೇಳಿದಳು.

“ಅಣ್ಣನಿಗೆ ಏನ್ ಹೇಳೋದೇ?” ಎಂದ ಮಂಜುನಾಥ.

“ನೀವೇನೂ ಹೇಳ್ಬೇಡಿ. ನಾನೇ ಹೇಳ್ತೀನಿ.”

ಫೋನಿನಲ್ಲಿ ಸೇತುರಾಮ ಮೊದಲು ನಕ್ಕ. ಆಮೇಲೆ, “ಅದು ನಾನ್ ಕೊಟ್ಟ ನಾಯಿ” ಎಂದ.

“ಕೊಟ್ರಲ್ಲ ಭಾವ. ಕೊಟ್ಟಮೇಲೆ ನಂದು.”

ಆಪರೇಷನ್ ಆಯಿತು. ಅಂಗಡಿಯ ಮೂಲೆಯಲ್ಲಿ ಹಲಗೆಗಳನ್ನು ನಿಲ್ಲಿಸಿ ಮುದ್ದೆಗೆ ಪುಟ್ಟ ಅಂಕಣ ಮಾಡಿದಳು. ಜಾರುವ ಟೈಲ್ಸಿನ ಮೇಲೆಲ್ಲ ಚಾಪೆ ಹಾಸಿದಳು. ಓಡುವಂತಿಲ್ಲ, ಸೋಫಾ ಹತ್ತುವಂತಿಲ್ಲ, ಉಚ್ಚೆಗೂ ಕೊರಳಪಟ್ಟಿ ಕಟ್ಟಿಕೊಂಡೇ ಹೋಗಬೇಕು. ಮುದ್ದೆ ಹಲಗೆ ಕೆರೆದು ಗೋಳಿಡುತ್ತಿದ್ದರೆ ಕುಸುಮಾ ಹಲ್ಲು ಕಚ್ಚಿ ಮಿಷನ್ ತುಳಿಯುತ್ತಿದ್ದಳು. ನಾಯಿಗೆ ಬಾಣಂತನ ಮಾಡ್ತಿದ್ದಾಳೆ ಎಂದು ಬೀದಿಯವರು ಆಡಿಕೊಂಡರು. “ಹೂಂ, ಮಾಡ್ತಿದೀನಿ” ಎಂದು ಅವರಿಗೇ ಹೇಳಿ ಕಳಿಸಿದಳು. ಒಂದು ಬೆಳಗ್ಗೆ ಮುದ್ದೆ ನೀರು ಕುಡಿಯುತ್ತ ಆ ಕಾಲನ್ನು ಪೂರ್ತಿ ಊರಿ ನಿಂತಿತ್ತು. ಕುಸುಮಾ ಹೊಲಿಗೆ ನಿಲ್ಲಿಸಿ, ಅಲುಗಾಡದೆ ನೋಡುತ್ತ ಕೂತಳು. ಕಾಲು ಕೂಡಿಕೊಂಡ ಮೇಲೆ ಮರಿಯಾಗದ ಆಪರೇಷನ್ನನ್ನೂ ಮಾಡಿಸಿಬಿಟ್ಟಳು.

ಅಷ್ಟರಲ್ಲಿ ಅನಂತಲಕ್ಷ್ಮಿ ಎಂಬ ಗಿರಾಕಿ, ಸೇತುರಾಮನ ಹತ್ತಿರ ಮರಿ ಹೇಳಿಟ್ಟಿದ್ದೇನೆ ಎಂದರು.

“ಆಂಟಿ, ಮೊದ್ಲು ತಾಯಿ ನಾಯೀನ ನಡೆಸಿ ತೋರ್ಸಿ ಅನ್ನಿ. ಅದರ ಮಂಡಿ ಡಾಕ್ಟ್ರು ನೋಡದೆ ಮರಿ ತಗೋಬೇಡಿ” ಎಂದಳು ಕುಸುಮಾ.

ಮಾರನೆಯ ದಿನವೇ ಸೇತುರಾಮ ಅಂಗಡಿ ಮುಂದೆ ಬಂದು ನಿಂತ. “ನನ್ ವ್ಯಾಪಾರಕ್ಕೆ ಕಲ್ಲು ಹಾಕ್ತೀಯಾ?”

“ಆ ತಾಯಿಗೆ ಮರಿ ಮಾಡ್ಸೋದು ನಿಲ್ಸಿ ಭಾವ, ನಾನೂ ಸುಮ್ನಿರ್ತೀನಿ.”

“ಮನೆ ಮರ್ಯಾದೆ ಬೀದಿಗೆ ತರ್ಬೇಡ.”

“ಮರ್ಯಾದೆ ನಿಮ್ ಟೆರೇಸ್ ಮೇಲೆ ಕುಂಟ್ತಾ ಇದೆ. ಹೋಗಿ ನೋಡಿ.”

ಅಂದಿನಿಂದ ಅವನು ಮಾತು ಬಿಟ್ಟ. ಮರಿಗಾಗಿ ಬಂದವರು ತಾಯಿಯನ್ನು ನಡೆಸಿ ತೋರಿಸಿ ಎನ್ನತೊಡಗಿದಾಗ ಆ ನಾಯಿಯನ್ನು ಗಂಡಿನ ಜೊತೆ ಕೂಡಿಸುವುದನ್ನೂ ನಿಲ್ಲಿಸಿದ. ವಯಸ್ಸಾಯ್ತು, ಅದಕ್ಕೇ ಎಂದು ಎಲ್ಲರಿಗೂ ಹೇಳಿದ. ಮುದ್ದೆ ಈಗ ನಾಲ್ಕೂ ಕಾಲು ಊರಿ ಓಡುತ್ತದೆ. ಬಲಗಾಲು ಒಮ್ಮೊಮ್ಮೆ ತಡವರಿಸುತ್ತದೆ. ಅದಕ್ಕೆ ತೂಕ ಏರದಂತೆ ಕಾವಲು.

ಸೇತುರಾಮನ ಹೊಸ ಮನೆಯ ಗೃಹಪ್ರವೇಶಕ್ಕೆ ಮಂಜುನಾಥನೊಬ್ಬನಿಗೇ ಕರೆ ಬಂತು. ಕುಸುಮಾ ರೇಷ್ಮೆ ಸೀರೆ ಉಟ್ಟು, ಅವನಿಗಿಂತ ಮೊದಲು ಸ್ಕೂಟರ್ ಹತ್ತಿ ಕೂತಳು. ಊಟದ ಮೊದಲ ಪಂಕ್ತಿಯಲ್ಲೇ ಎಲೆ ಹಿಡಿದಳು. ಪಕ್ಕದ ಹೆಂಗಸು, “ನಿಮ್ ನಾಯಿಗೆ ಅದೇನೋ ಆಪರೇಷನ್ ಅಂತೆ?” ಎಂದು ಕೇಳಿದ್ದೇ ಸಾಕಾಯಿತು. ತೋಡು, ಚಿಪ್ಪು, ಪಿನ್ನು, ತಾಯಿಯ ಮಂಡಿ, ಎಲ್ಲವನ್ನೂ ಪಂಕ್ತಿಗೆಲ್ಲ ಕೇಳುವಂತೆ ವಿವರಿಸಿದಳು. ಹೋಳಿಗೆಯ ತಟ್ಟೆ ಹಿಡಿದು ಬಡಿಸುತ್ತ ಬಂದ ಸೇತುರಾಮ ಅವಳ ಎಲೆಯ ಮುಂದೆ ಒಂದು ಗಳಿಗೆ ತಡೆದ.

“ಹಾಕಿ ಭಾವ” ಎಂದಳು ಕುಸುಮಾ. “ತುಪ್ಪಾನೂ ಹಾಕಿ.”