ದಿಂಬಿನ ಪ್ಯಾಂಟು

ಹುಡುಗಿಯಾಗಿದ್ದಾಗ ಅಕ್ಕನಿಗೆ ಗಾಳಿಪಟ ಎಂದೇ ಹೆಸರು. ಶಾಲೆಯ ಓಟದಲ್ಲಿ ಜೊತೆಯವರು ಅವಳ ಬೆನ್ನು ನೋಡಿದ್ದೇ ಬಂತು. ತಂಗಿಯ ಹೆಸರು ದಿಂಬು. ಇಟ್ಟ ಕಡೆ ಇರುತ್ತಿದ್ದಳು. ಆಟದ ಪಿರಿಯಡ್ಡು ಬಂದರೆ ಅವಳಿಗೆ ಹೊಟ್ಟೆನೋವೂ ಬರುತ್ತಿತ್ತು.

ಆಮೇಲೆ ಅಕ್ಕನಿಗೆ ಮದುವೆ, ಎರಡು ಹೆರಿಗೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು. ಓಟವನ್ನು ಅವಳು ಬಿಟ್ಟಿದ್ದಲ್ಲ. ನಾಳೆ ನಾಳೆ ಎನ್ನುತ್ತ ಅದೇ ಬಿಟ್ಟುಹೋಯಿತು. ಕಾಲುಗಳು ಈಗಲೂ ಆಡುತ್ತಿದ್ದವು, ಪೆಡಲಿನ ಮೇಲೆ. ವರ್ಷ ವರ್ಷವೂ ತನ್ನ ಬಟ್ಟೆಯ ಹೊಲಿಗೆ ಬಿಚ್ಚಿ ಇಷ್ಟಿಷ್ಟೇ ಸಡಿಲ ಬಿಡುತ್ತಿದ್ದಳು.

ದಿಂಬು ಮಾತ್ರ ನಲವತ್ತು ದಾಟಿದ ಮೇಲೆ ಎದ್ದಳು. ಡಾಕ್ಟರು ಬಿಪಿ ಎಂದು ಹೆದರಿಸಿದ್ದಕ್ಕೆ ಮೊದಲು ನಡಿಗೆ, ಆಮೇಲೆ ಓಟ. ದಿನಾ ಬೆಳಿಗ್ಗೆ ಅಕ್ಕನ ಕಿಟಕಿಯ ಮುಂದೆಯೇ ಹೋಗುತ್ತಿದ್ದಳು. ಸಾಲದ್ದಕ್ಕೆ ಸಡಿಲವಾದ ಪ್ಯಾಂಟು ಹಿಡಿಸಲೂ ಅಲ್ಲಿಗೇ ತರುತ್ತಿದ್ದಳು.

"ಅಕ್ಕಾ, ಸೊಂಟ ಇನ್ನೊಂದ್ಚೂರು ಹಿಡಿಯೇ. ಜಾರತ್ತೆ."

"ಮೊನ್ನೆ ತಾನೇ ಹಿಡಿದ್ನಲ್ಲೇ! ಊಟ ಮಾಡ್ತೀಯೋ, ಬರೀ ಗಾಳಿ ಕುಡೀತೀಯೋ?"

ಪಕ್ಕದಲ್ಲಿ ಕೂತು ಗುಂಡಿ ಆರಿಸುತ್ತಿದ್ದ ಅಮ್ಮ ನಕ್ಕಳು. "ಈಗ ಇವಳೇ ಕಣೇ ಗಾಳಿಪಟ. ನೀನು ದಿಂಬು."

ತಮಾಷೆಗೆ ಆಡಿದ ಮಾತು. ಅಕ್ಕನಿಗೆ ಅದು ತಮಾಷೆಯಾಗಲಿಲ್ಲ. ಉಳಿದಿದ್ದದ್ದು ಹೆಸರೊಂದೇ, ಅದೂ ಹೋಯಿತಲ್ಲ! ಆ ದಿನ ಎಲಾಸ್ಟಿಕ್ಕಿನ ತುದಿ ಕೂಡಿಸುವಾಗ ಅವಳು ಮಿಷನ್ ತುಳಿಯಲಿಲ್ಲ. ಕೈಯಲ್ಲೇ ನಾಲ್ಕು ಕಚ್ಚಾ ಹೊಲಿಗೆ ಹಾಕಿ, ದಾರಕ್ಕೆ ಗಂಟೂ ಹಾಕದೆ ಬಿಟ್ಟಳು. ಬೀದಿಯಲ್ಲಿ ಜಾರಲಿ, ಆಗ ಗೊತ್ತಾಗುತ್ತದೆ.

ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ಕಾದು ನಿಂತಳು. ದಿಂಬು ಬಂದಳು, ಕಿಟಕಿ ದಾಟಿದಳು, ಬೀದಿಯ ಕೊನೆಯ ಬೇಕರಿಯ ಮುಂದೆ ತಟಕ್ಕನೆ ನಿಂತು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡಳು. ಬ್ರೆಡ್ಡಿಗೆ ನಿಂತಿದ್ದವರೆಲ್ಲ ತಿರುಗಿದರು. ಅವರಲ್ಲೊಬ್ಬ ಬಿದ್ದು ಬಿದ್ದು ನಕ್ಕ.

ಅಕ್ಕ ಕಾದಿದ್ದೂ ಅದೇ ನಗುವಿಗೆ. ಆದರೆ ತನ್ನ ತಂಗಿಯನ್ನು ನೋಡಿ ಯಾವನೋ ನಗುತ್ತಿದ್ದಾನೆ ಎಂದಾಗ ತಡೆಯಲಾಗಲಿಲ್ಲ. ಪಿನ್ನಿನ ಡಬ್ಬಿ ಹಿಡಿದು ಬರಿಗಾಲಲ್ಲೇ ಓಡಿದಳು. ಎದೆ ಡಬಡಬ, ಮಂಡಿ ಕಟಕಟ.

"ಅಕ್ಕಾ, ನೀನು ಓಡ್ತಿದೀಯಲ್ಲೇ!" ಪ್ಯಾಂಟಿನ ಮೇಲಿನ ಕೈ ತೆಗೆಯದೆ ದಿಂಬು ಕೂಗಿದಳು.

"ಬಾಯ್ಮುಚ್ಚು. ಹೊಟ್ಟೆ ಒಳಗೆಳ್ಕೋ, ಚುಚ್ಚತ್ತೆ." ಪಿನ್ನು ಹಾಕುತ್ತ ಏದುಸಿರಿನಲ್ಲೇ ಕೇಳಿದಳು, "ಇಲ್ಲಿಂದ ಮನೆಗೆ ಯಾರು ಮುಂದೆ?"

"ಈ ಪಿನ್ನಿಟ್ಕೊಂಡು ನಾನೆಲ್ಲಿ ಓಡ್ಲಿ? ನೀನೇ ಮುಂದೆ."

"ಭಿಕ್ಷೆ ಹಾಕ್ಬೇಡ. ನಾಳೆ ಬರ್ತೀನಿ."

ಸಂಜೆ ಆ ಎಲಾಸ್ಟಿಕ್ಕಿನ ಮೇಲೆ ಎರಡೆರಡು ಸಲ ಮಿಷನ್ ಓಡಿಸಿದಳು. ಸೋತವಳು ನಾಳೆ ಪ್ಯಾಂಟಿನ ನೆಪ ಹೇಳಬಾರದಲ್ಲ.