ಆದಿಲಕ್ಷ್ಮಿ ಹಿಂತಿರುಗಿಸಿದ ಎಲೆ ಅಡಿಕೆ

ಆದಿಲಕ್ಷ್ಮಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬಂಗಾರಪೇಟೆ ಪಕ್ಕದ ಆ ಹಳ್ಳಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು? ಡೈರಿಯಲ್ಲಿ ಹಾಲಿನ ಅಳತೆ ತಪ್ಪಿದರೆ ಅವಳು ಬಿಡುವುದಿಲ್ಲ, ಬಸ್ಸಿನ ಕಂಡಕ್ಟರ್ ಏಕವಚನದಲ್ಲಿ ಮಾತಾಡಿದರೂ ಬಿಡುವುದಿಲ್ಲ, ಅದು ನಿಜ. ಆದರೆ ಅದು ಹುಟ್ಟುಗುಣವಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾಲ್ಕು ಜನರ ಮುಂದೆ ಅವಳ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಕೋಪ ಬಂದದ್ದು ಗೌರಿ ಸತ್ತ ಮೇಲೆ.

ಗೌರಿ ಅವಳ ಸೀಮೆಹಸು. ಕರು ಹಾಕುವಾಗ ಕರುವೂ ಉಳಿಯಲಿಲ್ಲ, ಹಸುವೂ ಉಳಿಯಲಿಲ್ಲ. ಆದಿಲಕ್ಷ್ಮಿ ಕೊಟ್ಟಿಗೆಯಲ್ಲೇ ಅದರ ಕುತ್ತಿಗೆ ತಬ್ಬಿಕೊಂಡು, ಎದೆ ಬಡಿದುಕೊಂಡು ಅತ್ತಳು. ಅಷ್ಟು ಹೊತ್ತಿಗೆ ಮೊಬೈಲಿನಲ್ಲಿ ಊರ ಸುದ್ದಿ ಹಾಕುವ ಪುಣ್ಯಾತ್ಮನೊಬ್ಬ ಬಂದ. "ಸರ್ಕಾರದೋರು ನೋಡಿದ್ರೆ ಪರಿಹಾರ ಬತ್ತದೆ, ಏನಾದ್ರೂ ಮಾತಾಡಕ್ಕಾ" ಎಂದ. ಅವಳು ಇನ್ನಷ್ಟು ಅತ್ತಳು, ಅವನು ಅದನ್ನೆಲ್ಲ ವಿಡಿಯೋ ಮಾಡಿಕೊಂಡ. ಅವನಿಗೆ ಅಷ್ಟೇ ಬೇಕಿತ್ತು. ಆಮೇಲೆ ಯಾರೋ ಆ ಅಳುವಿಗೆ ತಮಟೆ ಸೇರಿಸಿದರು, ಇನ್ಯಾರೋ ಕುಣಿಯುವ ಹಾಡು ಸೇರಿಸಿದರು. ಅವಳ ದುಃಖ ಸುತ್ತಮುತ್ತಲ ಊರುಗಳ ಫೋನುಗಳಲ್ಲಿ ಕುಣಿಯತೊಡಗಿತು. ಪರಿಹಾರವಂತೂ ಬರಲಿಲ್ಲ.

ಶಾಲೆಯಲ್ಲಿ ಮಗಳು ದಿವ್ಯ ಕಂಡರೆ ಸಾಕು, ಹುಡುಗರು ಎದೆ ಬಡಿದುಕೊಂಡು "ಗೌರೀ..." ಎಂದು ಕೂಗುತ್ತಿದ್ದರು. ದಿವ್ಯ ಅಮ್ಮನ ಪಕ್ಕದಲ್ಲಿ ನಡೆಯುವುದನ್ನೇ ಬಿಟ್ಟಳು. ಉಳಿದ ಇನ್ನೊಂದು ಹಸುವಿನ ಹಾಲನ್ನು ಡೈರಿಗೆ ಹಾಕಲು ಹೊರಟರೂ ಹತ್ತು ಮಾರು ಹಿಂದೆ, ಇವಳು ಯಾರೋ ಎನ್ನುವ ಹಾಗೆ. ಹಸು ಹೋದದ್ದಕ್ಕಿಂತ ಆ ಹತ್ತು ಮಾರು ಆದಿಲಕ್ಷ್ಮಿಯ ಹೊಟ್ಟೆಯನ್ನು ಹೆಚ್ಚು ಉರಿಸಿತು.

ಹೀಗಿರುವಾಗ ಉರಿಗಾಂನ ಸಮುದಾಯ ಭವನದಲ್ಲಿ ಒಂದು ಸಂಸ್ಥೆಯವರು ಭಾನುವಾರದ ಕೋಡಿಂಗ್ ಶಿಬಿರ ಶುರುಮಾಡಿದರು. ಮಕ್ಕಳು ಒಬ್ಬರೇ ಬರುವಂತಿಲ್ಲ, ಅಪ್ಪನೋ ಅಮ್ಮನೋ ಜೊತೆಗೆ ಕೂರಲೇಬೇಕು, ಇಬ್ಬರಿಗೂ ಸೇರಿ ಒಂದೇ ಲ್ಯಾಪ್‌ಟಾಪು. ಗಂಡ ಸುಧಾಕರ್ ವಾರವಿಡೀ ರೈಲಿನಲ್ಲಿ ವೈಟ್‌ಫೀಲ್ಡಿನ ಗೋಡೌನಿಗೆ ಹೋಗಿಬರುವವನು, ಭಾನುವಾರ ಅವನನ್ನು ಎಬ್ಬಿಸುವುದು ಯಾರಿಂದಲೂ ಆಗದ ಕೆಲಸ. ದಿವ್ಯ ಬೇರೆ ದಾರಿಯಿಲ್ಲದೆ, ಮುಖ ಊದಿಸಿಕೊಂಡು ಅಮ್ಮನನ್ನು ಕರೆದುಕೊಂಡು ಹೋದಳು.

ಮೊದಲು ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಪರದೆಯ ಮೇಲೆ ಒಂದು ಕೆಂಪು ಹಸುವನ್ನು ಮಾಡಿ, ಅದನ್ನು ಕೊಟ್ಟಿಗೆಗೆ ನಡೆಸಬೇಕಿತ್ತು. ಎಷ್ಟು ಹೇಳಿದರೂ ಅದು ಹಿಂದೆ ಹಿಂದೆ ಹೋಗಿ ಗೋಡೆಗೆ ಗುದ್ದುತ್ತಿತ್ತು. "ಮೂಗುದಾರ ಆಕೇ ಅದ್ಕೆ, ಸರೋಯ್ತದೆ" ಎಂದಳು ಆದಿಲಕ್ಷ್ಮಿ. ದಿವ್ಯ ಕಿಸಕ್ಕನೆ ನಕ್ಕುಬಿಟ್ಟಳು. ಆವತ್ತು ವಾಪಸು ಬರುವ ರೈಲಿನಲ್ಲಿ ಅವಳು ಅಮ್ಮನ ಪಕ್ಕದಲ್ಲೇ ಕೂತು, ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಬಂಗಾರಪೇಟೆ ಬರುವವರೆಗೂ ಆದಿಲಕ್ಷ್ಮಿ ಭುಜ ಅಲುಗಾಡಿಸಲಿಲ್ಲ. ಆಮೇಲೆ ಪ್ರತಿ ಭಾನುವಾರ ಹಾಗೆಯೇ ಆಯಿತು. ಅವಳಿಗೆ ಕೋಡಿಂಗೂ ಬೇಕಿರಲಿಲ್ಲ, ಮಣ್ಣೂ ಬೇಕಿರಲಿಲ್ಲ. ಮಗಳು ಪಕ್ಕದಲ್ಲಿ ಕೂತರೆ ಸಾಕಿತ್ತು.

ಅಲ್ಲಿಗೆ ಬಂದಳು ಅಂಬಿಕ. ಬೆಂಗಳೂರಿನ ಸಂಶೋಧಕಿ. ಮನೆಮಂದಿ ಒಟ್ಟಿಗೆ ಕೂತು ಹೇಗೆ ಕಲಿಯುತ್ತಾರೆ ಎಂದು ಅಪ್ಪ ಅಮ್ಮ ಮಕ್ಕಳನ್ನೆಲ್ಲ ಮಾತಾಡಿಸಿ, ರೆಕಾರ್ಡ್ ಮಾಡಿಕೊಳ್ಳಬೇಕಂತೆ. ಅದಕ್ಕೆ ಹೆತ್ತವರ ಒಪ್ಪಿಗೆ ಬೇಕಂತೆ. ಶಿಬಿರ ನೋಡಿಕೊಳ್ಳುತ್ತಿದ್ದ ಆಂಡರ್ಸನ್‌ಪೇಟೆಯ ಪೆರುಮಾಳ್ ತಾನು ಬಲು ಬುದ್ಧಿವಂತ ಎಂದುಕೊಂಡಿದ್ದವನು. "ಕಾಗದ ಇಡ್ಕೊಂಡು ಓದ್ರೆ ಅಳ್ಳಿಯೋರು ಎದ್ರಿಕೊಂತಾರೆ ಮೇಡಂ, ಮನೆ ಇರೀಕರಿಗೆ ಎಲೆ ಅಡಿಕೆ ಕೊಡೋಣ, ಆಮೇಲೆ ಯಾರೂ ಇಲ್ಲ ಅನ್ನಲ್ಲ" ಎಂದ. ಆ ಕಡೆ ಹೆಣ್ಣು ಗಂಡು ಒಪ್ಪಿದ್ದೂ ಹಾಗೆಯೇ, ಜಗಳ ಮುಗಿದದ್ದೂ ಹಾಗೆಯೇ. ಹಿರಿಯ ಕೈಚಾಚಿ ಎಲೆ ಅಡಿಕೆ ತೆಗೆದುಕೊಂಡರೆ ಮನೆಯೆಲ್ಲ ಮಾತು ಕೊಟ್ಟಂತೆ.

ಹಾಗೆ ಪೆರುಮಾಳ್ ತಟ್ಟೆ ಹಿಡಿದು ಆದಿಲಕ್ಷ್ಮಿಯ ಮನೆಗೆ ಬಂದ. ಅವಳ ಮಾವ ಮುನಿಸ್ವಾಮಪ್ಪನ ಮುಂದೆ ಹೀಗೆ ಯಾರೂ ನಿಲ್ಲದೆ ಬಹಳ ಕಾಲವಾಗಿತ್ತು. ಮುದುಕನಿಗೆ ಎಲ್ಲಿಲ್ಲದ ಖುಷಿ. ಏನು, ಎತ್ತ ಎಂದು ಕೇಳದೆ ಎರಡೂ ಕೈಯಲ್ಲಿ ಎಲೆ ಅಡಿಕೆ ಇಸಿದುಕೊಂಡು, ಅಲ್ಲೇ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡ. "ಆಕ್ಲಾ ಸೈನು" ಎಂದು ಮಗನನ್ನು ಎಬ್ಬಿಸಿದ. ಸುಧಾಕರ್ ಕಣ್ಣುಜ್ಜಿಕೊಂಡು ಪೆರುಮಾಳ್ ತೋರಿಸಿದ ಕಡೆ ಸಹಿ ಹಾಕಿ ಮತ್ತೆ ಮಲಗಿದ. ಗೋಡೆಯಾಚೆ ಆದಿಲಕ್ಷ್ಮಿ ಸಗಣಿ ಬಾಚುತ್ತಿದ್ದಳು. ಅವಳಿಗೊಂದು ಮಾತು ಹೇಳಬೇಕೆಂದು ಒಬ್ಬರಿಗೂ ಅನ್ನಿಸಲಿಲ್ಲ. ಅನ್ನಿಸುವುದಾದರೂ ಹೇಗೆ, ಅವಳು ಸೊಸೆ ತಾನೇ!

ಮುಂದಿನ ಭಾನುವಾರ ಭವನದಲ್ಲಿ ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ದಿವ್ಯ ಜಾಗದಲ್ಲಿರಲಿಲ್ಲ. ಕಾದು ಕಾದು ಹುಡುಕಲು ಎದ್ದರೆ, ಪಕ್ಕದ ಕೋಣೆಯ ಬಾಗಿಲು ತೆರೆದು ದಿವ್ಯ ಹೊರಬಂದಳು. ಕಣ್ಣು ಕೆಂಪಗಿತ್ತು, ಮುಖ ಮಾತ್ರ ಹಗುರಾಗಿತ್ತು. ಅವಳ ಹಿಂದೆ ಅಂಬಿಕ ನಗುತ್ತಾ ನಿಂತಿದ್ದಳು.

"ಬನ್ನಿ ಅಮ್ಮ, ಈಗ ನಿಮ್ಮ ಸರದಿ. ದಿವ್ಯ ತುಂಬಾ ಚೆನ್ನಾಗಿ ಮಾತಾಡಿದಳು."

ಒಳಗೆ ಮೇಜಿನ ಮೇಲೆ ರೆಕಾರ್ಡರಿನ ಕೆಂಪು ದೀಪ ಕಂಡಿತು. ಆದಿಲಕ್ಷ್ಮಿಗೆ ಕಿವಿಯಲ್ಲಿ ತಮಟೆ ಬಡಿದಂತಾಯಿತು.

"ಯಾರನ್ನ ಕೇಳಿ ಮಾಡಿದ್ರಿ ಇದ್ನ?"

"ನಿಮ್ಮ ಮನೆಯವರು ಸಹಿ ಹಾಕಿದ್ದಾರಲ್ಲಾ."

ಪೆರುಮಾಳ್ ಓಡಿ ಬಂದ. "ಅಕ್ಕಾ, ನಿಮ್ ಮಾವನೋರೇ ಎಲೆ ಅಡಿಕೆ ಇಸ್ಕೊಂಡವ್ರೆ. ಇನ್ನೇನಕ್ಕಾ?"

"ಇಸ್ಕೊಂಡಿದ್ರೆ ಅವ್ರನ್ನೇ ಕೂರ್ಸ್ಕೊಂಡು ಮಾತಾಡ್ಸೋಗು! ವಾರ ವಾರ ಇಲ್ಲಿಗೆ ಬಂದು ಕೂತಿದ್ದು ನಾನಾ, ಅವ್ರಾ?"

"ನಿಮ್ಮ ಹೆಸರನ್ನ ಎಲ್ಲೂ ಹಾಕಲ್ಲ ಅಮ್ಮ, ಬೇರೆ ಹೆಸರು ಕೊಡ್ತೀವಿ" ಎಂದಳು ಅಂಬಿಕ.

"ಎಸ್ರು ಬದ್ಲಾಯಿಸ್ತೀಯ, ಗಂಟ್ಲು ಬದ್ಲಾಯಿಸ್ತೀಯಾ? ಒಂದ್ಸಲ ನಮ್ ಗಂಟ್ಲು ಊರೂರು ತಿರುಗ್ಬಂದೈತೆ ತಾಯಿ. ಸಾಕು."

ಅಷ್ಟು ಹೇಳಿ ಅವಳು ದಡದಡನೆ ಹೊರಗೆ ಹೋದಳು. ಹೋದಳು, ಪೀಡೆ ತೊಲಗಿತು ಎಂದುಕೊಂಡ ಪೆರುಮಾಳ್. ಆದರೆ ಅವಳು ಹೋದದ್ದು ಎದುರಿನ ಬೀಡಾ ಅಂಗಡಿಗೆ. ಎಲೆ, ಅಡಿಕೆ ಹಿಡಿದುಕೊಂಡು ವಾಪಸು ಬಂದಳು. ಏನು ಮಾಡಹೊರಟಿದ್ದಾಳೆಂದು ಅಲ್ಲಿದ್ದ ಹೆಂಗಸರಿಗೆಲ್ಲ ತಿಳಿಯಿತು. ಎಲೆ ಅಡಿಕೆ ಹಿಂತಿರುಗಿಸುವುದೆಂದರೆ ಒಪ್ಪಿದ ಸಂಬಂಧ ಮುರಿದ ಹಾಗೆ, ಅದನ್ನು ಆ ಸೀಮೆಯಲ್ಲಿ ಹೆಂಗಸರು ಮಾಡುವುದೇ ಇಲ್ಲ. ಪಕ್ಕದೂರಿನ ಅಕ್ಕಯ್ಯಮ್ಮ "ಬ್ಯಾಡ ಕಣಮ್ಮೀ, ಮಾವನ ಮರ್ಯಾದೆ ಓಯ್ತದೆ" ಎಂದು ಸೆರಗು ಹಿಡಿದಳು. ಆದಿಲಕ್ಷ್ಮಿ ಸೆರಗು ಕಿತ್ತುಕೊಂಡಳು. ಕೆಂಪು ದೀಪ ಮುಚ್ಚಿಹೋಗುವಂತೆ ರೆಕಾರ್ಡರಿನ ಮೇಲೆಯೇ ಎಲೆ ಇಟ್ಟು, ಅದರ ಮೇಲೆ ಅಡಿಕೆ ಇಟ್ಟಳು.

"ನಮ್ ಮನೆ ಮಾತು ವಾಪಸ್. ಒಳಗಿರೋದ್ನ ಅಳ್ಸು."

ಪೆರುಮಾಳನ ಮುಖ ಸಪ್ಪಗಾಯಿತು. ಅಂಬಿಕ ಅವನ ಕಡೆ ನೋಡಿದಳು, ಅವನು ತಗ್ಗಿದ ದನಿಯಲ್ಲಿ ಅರ್ಥ ಹೇಳಿದ. ಅವಳಿಗೆ ಅವಮಾನವೂ ಆಯಿತು, ಸಿಟ್ಟೂ ಬಂತು. ಆದರೂ ಸಾವರಿಸಿಕೊಂಡು, "ನಿಮ್ಮನ್ನೇ ಕೇಳಬೇಕಿತ್ತು, ತಪ್ಪಾಯಿತು. ಬೇಡ ಅನ್ನೋ ಹಕ್ಕು ನಿಮಗಿದೆ. ಆದರೆ ಅಳಿಸೋ ಮುಂಚೆ ಒಂದು ಸಲ ಕೇಳಿಸಿಕೊಳ್ತೀರಾ?" ಎಂದಳು.

"ಏನೂ ಬ್ಯಾಡ. ನನ್ ಮುಂದೇನೇ ಅಳ್ಸು."

"ಅಮ್ಮಾ, ಬ್ಯಾಡಮ್ಮಾ" ಎಂದಳು ಬಾಗಿಲಲ್ಲಿ ನಿಂತಿದ್ದ ದಿವ್ಯ.

ಆದಿಲಕ್ಷ್ಮಿ ಆ ಕಡೆ ತಿರುಗಲಿಲ್ಲ. ಅಂಬಿಕ ಹುಡುಗಿಯ ಮುಖ ನೋಡಿದಳು, ತಾಯಿಯ ಮುಖ ನೋಡಿದಳು, ಎಲೆ ಸರಿಸಿ ಗುಂಡಿ ಒತ್ತಿದಳು. ಮುಗಿಯಿತು. ಆದಿಲಕ್ಷ್ಮಿಗೆ ಗೌರಿ ಸತ್ತ ದಿನದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿದಂತಾಯಿತು. ಇನ್ನು ಮಾವ ಎಷ್ಟು ಬೇಕಾದರೂ ಎಗರಾಡಲಿ.

ಉರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಪಕ್ಕದಲ್ಲಿ ಜಾಗ ಹಿಡಿದು, "ಬಾರೇ" ಎಂದಳು. ದಿವ್ಯ ಬರಲಿಲ್ಲ. ಎದುರಿನ ಕಿಟಕಿಯ ಪಕ್ಕ ಹೋಗಿ ಕೂತಳು. ಕೋರಮಂಡಲ ಗುಡ್ಡದ ಕಡೆ ಮುಖ ತಿರುಗಿಸಿದವಳು, ರೈಲು ಅದನ್ನು ದಾಟಿದ ಮೇಲೆ ಕೇಳಿದಳು.

"ಅದ್ರಾಗೆ ಏನೇಳಿದ್ದೆ ಗೊತ್ತಾ ನಿಂಗೆ?"

"ಏನಾದ್ರೂ ಆಗ್ಲಿ. ಊರೋರ ಕಿವಿಗೆ ಬೀಳ್ದೆ ಓಯ್ತಲ್ಲ."

"ಗೌರಿ ವಿಷ್ಯ ಏಳ್ದೆ. ನಮ್ಮಮ್ಮ ಅತ್ತಿದ್ರಲ್ಲಿ ತಪ್ಪೇನೂ ಇರ್ಲಿಲ್ಲ, ನಾನೇ ನಾಚ್ಕೆ ಪಟ್ಕೊಂಡು ಇಂದೆ ಇಂದೆ ನಡೀತಿದ್ದೆ, ಅದು ತಪ್ಪು ಅಂತ. ಆ ಮಾತು ಬಾಯಿಗೆ ಬರೋಕೆ ನಂಗೆ ಎಷ್ಟು ದಿನ ಬೇಕಾಯ್ತು ಗೊತ್ತಾ?"

ಆದಿಲಕ್ಷ್ಮಿ ಮಗಳ ಕಡೆ ಬಾಗಿದಳು. "ನನ್ ತಾವ್ಲೇ ಏಳ್ಬೋದಿತ್ತಲ್ಲೇ, ಕಂದಾ. ಈಗೇಳು."

"ಏಳಲ್ಲ." ದಿವ್ಯ ಈಗ ಅವಳನ್ನೇ ದಿಟ್ಟಿಸಿ ನೋಡಿದಳು. "ತಾತ ನಿನ್ನ ಕೇಳ್ಲಿಲ್ಲ ಅಂತ ಅಷ್ಟು ಜನದ ಮುಂದೆ ಕೂಗಾಡ್ದೆ. ನೀನು ನನ್ನ ಕೇಳಿದ್ಯಾ?"

ಕಂಡಕ್ಟರನಿಗೂ ಡೈರಿಯವರಿಗೂ ಮಾವನಿಗೂ ಉತ್ತರ ಕೊಡಬಲ್ಲ ಬಾಯಿ ಅದು. ಆವತ್ತು ಅವಳು ಮಗಳಿಗೆಂದು ಹಿಡಿದಿದ್ದ ಜಾಗದಿಂದ ಚೀಲ ತೆಗೆದು ಮಡಿಲಿಗೆ ಇಟ್ಟುಕೊಂಡಳು.

ಬಂಗಾರಪೇಟೆಯಲ್ಲಿ ರೈಲು ಪೂರ್ತಿ ನಿಲ್ಲುವ ಮುಂಚೆಯೇ ದಿವ್ಯ ಇಳಿದು ಹೊರಟುಬಿಟ್ಟಳು. ಆದಿಲಕ್ಷ್ಮಿ ಚೀಲ ಹಿಡಿದುಕೊಂಡು ಕೆಳಗಿಳಿದಳು. ಓಡಿದರೆ ಮಗಳನ್ನು ಹಿಡಿಯಬಹುದಿತ್ತು. ಅವಳು ಓಡಲಿಲ್ಲ, ಕೂಗಲೂ ಇಲ್ಲ. ಹತ್ತು ಮಾರು ಹಿಂದೆ ನಡೆದಳು, ಮನೆಯವರೆಗೂ.